‘48 ಗಂಟೆ ತಡೆಯುತ್ತೆ’ ಅನ್ನುವ ಪೆಟ್ಟಿಗೆಯನ್ನು ನಾವು ಪರೀಕ್ಷೆ ಮಾಡಿದ್ದು ಹೀಗೆ

ಇನ್ಸುಲಿನ್, ಲಸಿಕೆ ಕಳಿಸುವ ಥರ್ಮೋಕೋಲ್ ಪೆಟ್ಟಿಗೆ ಮಾರಲು ಬರುವವರೆಲ್ಲ ಹೇಳುವುದು ಒಂದೇ ಮಾತು: ‘ಸರ್, ಇದು 48 ಗಂಟೆ ತಡೆಯುತ್ತೆ.’ ಅಂದರೆ ಅಷ್ಟು ಹೊತ್ತು ಒಳಗಿನ ತಂಪು ಉಳಿಯುತ್ತದೆ ಅಂತ. ನಾನು ಬೆಂಗಳೂರಿನ ಒಂದು ಔಷಧ ವಿತರಣಾ ಕಂಪನಿಯಲ್ಲಿ ಪ್ಯಾಕಿಂಗ್ ನೋಡಿಕೊಳ್ಳುವವನು. ಈ ಮಾತು ಕೇಳಿದಾಗಲೆಲ್ಲ ನಾನು ಕೇಳುವುದು, ಹೊರಗೆ ಎಷ್ಟು ಬಿಸಿಲಿದ್ದಾಗ? ಒಳಗೆ ಎಷ್ಟು ಮಾಲಿದ್ದಾಗ? ಐಸ್ ಪ್ಯಾಕ್ ಯಾವ ಸ್ಥಿತಿಯಲ್ಲಿದ್ದಾಗ? ಮೂರಕ್ಕೂ ಉತ್ತರ ಸಿಗುವುದು ಅಪರೂಪ. ಹಾಗಾಗಿ ಪರೀಕ್ಷೆ ನಾವೇ ಮಾಡಿಕೊಳ್ಳುವ ರೂಢಿ ಬಂತು.

ಚೇಂಬರ್‌ಗೆ, ಅಂದರೆ ಬೇಕಾದ ಉಷ್ಣತೆ ಇಟ್ಟುಕೊಳ್ಳಬಲ್ಲ ಪರೀಕ್ಷಾ ಕೋಣೆಗೆ, ಇಡುವ ಮೊದಲು ಕಾಗದದ ಮೇಲೆ ಒಂದು ಲೆಕ್ಕ ಹಾಕುತ್ತೇನೆ. ಒಳಗೆ ಉದ್ದ, ಅಗಲ, ಎತ್ತರ ಮೂರೂ 30 ಸೆಂಟಿಮೀಟರ್, ಗೋಡೆ 5 ಸೆಂಟಿಮೀಟರ್ ದಪ್ಪ ಇರುವ ಥರ್ಮೋಕೋಲ್ ಪೆಟ್ಟಿಗೆ ತಗೊಳ್ಳಿ. ಹೊರಗೆ 35 ಡಿಗ್ರಿ, ಒಳಗೆ 5 ಡಿಗ್ರಿ ಇದ್ದರೆ ಗೋಡೆಗಳ ಮೂಲಕ ಸುಮಾರು 15 ವ್ಯಾಟ್ ಶಾಖ ಒಳಗೆ ನುಗ್ಗುತ್ತಿರುತ್ತದೆ. ಒಂದು ಪುಟ್ಟ ಬಲ್ಬನ್ನು ಪೆಟ್ಟಿಗೆಯೊಳಗೆ ಎರಡು ದಿನ ಉರಿಯಲು ಬಿಟ್ಟ ಹಾಗೆ. ಒಂದು ಕಿಲೋ ಮಂಜುಗಡ್ಡೆ ಕರಗುವಾಗ 334 ಕಿಲೋಜೂಲ್ ಶಾಖ ಹೀರುತ್ತದೆ. ಗುಣಾಕಾರ ಮಾಡಿದರೆ 48 ಗಂಟೆಗೆ ಹತ್ತಿರ ಹತ್ತಿರ 8 ಕಿಲೋ ಐಸ್ ಬೇಕು. 27 ಲೀಟರ್ ಜಾಗದಲ್ಲಿ ಮೂರನೇ ಒಂದು ಭಾಗ ಐಸಿಗೇ ಹೋಯಿತು. ಇಂಥ ಪೆಟ್ಟಿಗೆಯಲ್ಲಿ ಎರಡು ಮೂರು ಕಿಲೋ ಜೆಲ್ ಪ್ಯಾಕ್ ಇಟ್ಟು 48 ಗಂಟೆ ಅಂದರೆ, ಅದು ಆಗದ ಮಾತು ಅಂತ ತಿಳಿಯಲು ಚೇಂಬರ್ ಬಾಡಿಗೆ ಕೊಡುವ ಅಗತ್ಯವೇ ಇಲ್ಲ, ಅಲ್ವಾ? ಪಾಲಿಯುರೆಥೇನ್ ಗೋಡೆಯಾದರೆ ಸೋರಿಕೆ ಮೂರನೇ ಒಂದರಷ್ಟು ಕಡಿಮೆ. ನಿರ್ವಾತ ಹಲಗೆ (ಒಳಗಿನ ಗಾಳಿ ತೆಗೆದು ಮುಚ್ಚಿದ ಹಲಗೆ) ಹಾಕಿದ್ದು ಇನ್ನೂ ಎಷ್ಟೋ ಪಾಲು ಒಳ್ಳೆಯದು, ಆದರೆ ಬೆಲೆ ಜಾಸ್ತಿ, ಒಂದು ತೂತು ಬಿದ್ದರೆ ಮುಗಿಯಿತು.

ಪರೀಕ್ಷೆಗೆ ನಿಜವಾದ ಔಷಧ ಇಡುವುದಿಲ್ಲ. ಅದೇ ಅಳತೆಯ ಬಾಟಲಿಗಳಲ್ಲಿ ನೀರು ತುಂಬಿ, ಕೆಲವು ಬಾಟಲಿಯೊಳಗೇ ಸೆನ್ಸರ್ ಇಳಿಸುತ್ತೇವೆ. ನಡುವೆ ಒಂದು ಸೆನ್ಸರ್ ಇಟ್ಟು ಚೆನ್ನಾದ ಗ್ರಾಫ್ ತೋರಿಸುವವರನ್ನು ನಾನು ನಂಬುವುದಿಲ್ಲ. ನಡುವಿನ ಬಾಟಲಿ ಯಾವಾಗಲೂ ಸುಖವಾಗಿರುತ್ತದೆ. ಕೆಡುವುದು ಮೂಲೆಯದ್ದು, ಮುಚ್ಚಳದ ಕೆಳಗಿನದ್ದು, ಐಸ್ ಪ್ಯಾಕ್‌ಗೆ ಮೈ ತಾಗಿಸಿಕೊಂಡು ಕೂತದ್ದು. ಸೆನ್ಸರ್ ಹೋಗಬೇಕಾದದ್ದು ಅಲ್ಲಿಗೆ. ಪೂರ್ತಿ ತುಂಬಿದ ಪೆಟ್ಟಿಗೆಯ ಜೊತೆಗೆ ನಾಲ್ಕೈದು ಬಾಟಲಿ ಮಾತ್ರ ಇರುವ ಪೆಟ್ಟಿಗೆಯನ್ನೂ ಪರೀಕ್ಷಿಸಬೇಕು. ಮಾಲು ಕಡಿಮೆ ಇದ್ದಷ್ಟೂ ಉಷ್ಣತೆ ಬೇಗ ಏರುತ್ತದೆ, ಬೇಗ ಇಳಿಯುತ್ತದೆ. ಚಿಕ್ಕ ಊರಿನ ಮೆಡಿಕಲ್ ಶಾಪ್‌ಗೆ ಹೋಗುವುದು ಇಂಥ ಅರೆಖಾಲಿ ಪೆಟ್ಟಿಗೆಯೇ.

ಚೇಂಬರ್‌ನ ಉಷ್ಣತೆ ಎಷ್ಟಿರಬೇಕು? ವಿಶ್ವ ಆರೋಗ್ಯ ಸಂಸ್ಥೆ ಲಸಿಕೆ ಪೆಟ್ಟಿಗೆಗಳನ್ನು ಬಿಸಿ ಪ್ರದೇಶಕ್ಕೆ ಅಂತ 43 ಡಿಗ್ರಿಯಲ್ಲೇ ಇಟ್ಟು ನೋಡುತ್ತದೆ. ಅದು ಕಠಿಣವಾದ ಪರೀಕ್ಷೆ, ಒಂದು ಪೆಟ್ಟಿಗೆಯನ್ನು ಇನ್ನೊಂದಕ್ಕೆ ಹೋಲಿಸಲು ಒಳ್ಳೆಯದು. ಆದರೆ ದಾರಿಯಲ್ಲಿ ಉಷ್ಣತೆ ಒಂದೇ ಸಮನೆ ಇರುವುದಿಲ್ಲ. ನಮ್ಮ ಮಾಲು ಸಂಜೆ ಬೆಂಗಳೂರು ಬಿಟ್ಟು ರಾತ್ರಿಯೆಲ್ಲ ಓಡಿ, ಬೆಳಗ್ಗೆ ಕಲಬುರಗಿಯಲ್ಲಿ ಇಳಿದು, ಮೇ ತಿಂಗಳ 40 ದಾಟಿದ ಬಿಸಿಲಲ್ಲಿ ಅಂಗಡಿಯಿಂದ ಅಂಗಡಿಗೆ ಸುತ್ತುತ್ತದೆ. ಅದಕ್ಕೆ ಲಾಗರ್ (ಉಷ್ಣತೆಯನ್ನು ದಾಖಲಿಸುತ್ತಾ ಹೋಗುವ ಪುಟ್ಟ ಸಾಧನ) ಇಟ್ಟ ಖಾಲಿ ಪೆಟ್ಟಿಗೆಗಳನ್ನು ಅದೇ ಗಾಡಿಯಲ್ಲಿ ಕಳಿಸಿ, ಬಂದ ಅಂಕಿಗಳಿಂದ ನಮ್ಮದೇ ಏರಿಳಿತದ ನಕ್ಷೆ ಮಾಡಿಕೊಂಡು ಚೇಂಬರ್‌ಗೆ ಕೊಟ್ಟೆವು.

ಇಷ್ಟು ಹೇಳಿದ ಮೇಲೂ ನನ್ನ ಅನುಭವದಲ್ಲಿ ದೊಡ್ಡ ಶತ್ರು ಬಿಸಿಲಲ್ಲ, ಚಳಿ. ಈ ಔಷಧಗಳಿಗೆ ಬೇಕಾದದ್ದು 2ರಿಂದ 8 ಡಿಗ್ರಿ. ಡೀಪ್ ಫ್ರೀಜರ್‌ನಿಂದ ಆಗಷ್ಟೇ ತೆಗೆದ ಐಸ್ ಪ್ಯಾಕ್ ಮೈನಸ್ 20ರ ಆಸುಪಾಸಿನಲ್ಲಿರುತ್ತದೆ. ಅದನ್ನು ಹಾಗೇ ಇಟ್ಟರೆ ಪಕ್ಕದ ಬಾಟಲಿ ಮೊದಲ ಒಂದೆರಡು ಗಂಟೆಯಲ್ಲೇ ಸೊನ್ನೆಗಿಂತ ಕೆಳಗೆ ಇಳಿಯಬಹುದು. ಹೆಪಟೈಟಿಸ್ ಬಿ ಲಸಿಕೆ ಮೈನಸ್ 0.5 ಡಿಗ್ರಿಯ ಹತ್ತಿರ ಹೆಪ್ಪುಗಟ್ಟುತ್ತದೆ. ಒಮ್ಮೆ ಹೆಪ್ಪುಗಟ್ಟಿದರೆ ಕರಗಿದ ಮೇಲೂ ಅದು ಕೆಲಸಕ್ಕೆ ಬಾರದು. ಇನ್ಸುಲಿನ್ ಕಥೆಯೂ ಅದೇ, ನೋಡಲು ಸರಿಯಾಗಿಯೇ ಕಾಣಬಹುದು, ಗುಣ ಹೋಗಿರುತ್ತದೆ. ಬಿಸಿಲಿಗೆ ಸಿಕ್ಕ ಮಾಲು ನಿಧಾನವಾಗಿ ಶಕ್ತಿ ಕಳೆದುಕೊಳ್ಳುತ್ತದೆ, ಹೆಪ್ಪುಗಟ್ಟಿದ್ದಕ್ಕೆ ಆ ರಿಯಾಯಿತಿಯೂ ಇಲ್ಲ. ಆದರೂ ಪೆಟ್ಟಿಗೆ ತೆರೆದ ಗಿರಾಕಿ ಐಸ್ ಇನ್ನೂ ಗಟ್ಟಿಯಾಗಿದೆ ಅಂತ ಖುಷಿಪಡುತ್ತಾನೆ!

ಲಸಿಕೆ ಕಾರ್ಯಕ್ರಮದಲ್ಲಿ ದುಡಿಯುವವರಿಗೆ ಇದರ ಮದ್ದು ಗೊತ್ತು. ಫ್ರೀಜರ್‌ನಿಂದ ತೆಗೆದ ಐಸ್ ಪ್ಯಾಕನ್ನು ಮೇಜಿನ ಮೇಲೆ ಹರಡಿಟ್ಟು, ಕಿವಿ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಒಳಗೆ ನೀರು ಗುಳುಗುಳು ಅಂದರೆ ಅದು ಸೊನ್ನೆ ಡಿಗ್ರಿಗೆ ಬಂದಿದೆ ಅಂತ ಅರ್ಥ. ಅದಕ್ಕೆ ಕಂಡೀಷನಿಂಗ್ ಅನ್ನುತ್ತಾರೆ. ಬೆಂಗಳೂರಿನ ಡಿಸೆಂಬರ್ ರಾತ್ರಿಯಲ್ಲಿ ಇದಕ್ಕೆ ಹಿಡಿಯುವ ಸಮಯವೇ ಬೇರೆ, ಏಪ್ರಿಲ್ ಮಧ್ಯಾಹ್ನದ ಸಮಯವೇ ಬೇರೆ. ಹಾಗಾಗಿ ನಮ್ಮ ಪ್ಯಾಕಿಂಗ್ ಸೂಚನೆಯಲ್ಲಿ ನಿಮಿಷ ಬರೆಯುವುದನ್ನು ಬಿಟ್ಟು, ನೀರಿನ ಸದ್ದು ಬರಬೇಕು ಅಂತ ಬರೆದೆವು. ಜೆಲ್ ಪ್ಯಾಕ್‌ನಲ್ಲಿ ಆ ಸದ್ದು ಕೇಳಿಸುವುದಿಲ್ಲ. ಅದಕ್ಕೆ ನೀರು ತುಂಬಿದ ಗಟ್ಟಿ ಪ್ಲಾಸ್ಟಿಕ್ ಐಸ್ ಪ್ಯಾಕ್‌ಗೇ ಹೋದೆವು. ಜೊತೆಗೆ ಐಸಿಗೂ ಬಾಟಲಿಗೂ ನಡುವೆ ದಪ್ಪ ರಟ್ಟಿನ ಅಡ್ಡಗೋಡೆ.

ಚೇಂಬರ್ ಪರೀಕ್ಷೆಗೆ ಪೆಟ್ಟಿಗೆ ಪ್ಯಾಕ್ ಮಾಡುವುದು ನಾನಲ್ಲ. ರಾತ್ರಿ ಪಾಳಿಯ ಹುಡುಗರನ್ನೇ ಕರೆದು, ಅವರ ಮೇಜಿನ ಮೇಲೆ, ಅವರ ವೇಗದಲ್ಲಿ ಮಾಡಿಸುತ್ತೇನೆ. ನಾನು ನಾಜೂಕಾಗಿ ಜೋಡಿಸಿದ ಪೆಟ್ಟಿಗೆ ಪಾಸಾದರೆ ಅದರಿಂದ ಯಾರಿಗೇನು ಲಾಭ? ಮುಚ್ಚಳ ಸರಿಯಾಗಿ ಕೂರದಿದ್ದರೆ, ಟೇಪ್ ಒಂದೇ ಸುತ್ತು ಬಂದರೆ ಗ್ರಾಫ್ ತಾನೇ ಹೇಳುತ್ತದೆ. ಆಮೇಲೆ ಪೆಟ್ಟಿಗೆಯ ವಿನ್ಯಾಸವನ್ನು ಅವರ ಕೈಗೆ ತಕ್ಕಂತೆ ತಿದ್ದಬೇಕು.

ಇನ್ನೊಂದು ವಿಷಯ. ಪೆಟ್ಟಿಗೆಯನ್ನು ಮೊದಲು ಎತ್ತರದಿಂದ ಬೀಳಿಸಿ, ಆಮೇಲೆ ಚೇಂಬರ್‌ಗೆ ಇಡಬೇಕು. ಥರ್ಮೋಕೋಲ್ ಮೂಲೆಯ ಸಣ್ಣ ಬಿರುಕು ಹೊರಗಿನ ರಟ್ಟಿನ ಮೇಲೆ ಕಾಣುವುದೇ ಇಲ್ಲ. ಒಂದು ಪೆಟ್ಟಿಗೆಯನ್ನಾದರೂ ಅಡ್ಡ ಮಲಗಿಸಿ ಇಡಿ. ಬಾಣದ ಗುರುತನ್ನು ಕೊರಿಯರ್‌ನವರು ಓದುತ್ತಾರೆ ಅನ್ನುವ ನಂಬಿಕೆ ನನಗಿಲ್ಲ. ಐಸ್ ಪ್ಯಾಕ್ ಒಂದು ಕಡೆ ಜಾರಿ ಕೂತರೆ ಇನ್ನೊಂದು ಗೋಡೆ ಬರಿದಾಗುತ್ತದೆ.

ಬೇಸಿಗೆಯಲ್ಲಿ ಗೆದ್ದ ಪ್ಯಾಕಿಂಗ್ ಚಳಿಗಾಲದಲ್ಲಿ ಸೋಲಬಹುದು. ಜನವರಿಯಲ್ಲಿ ದೆಹಲಿಗೆ ಹೋಗುವ ಪೆಟ್ಟಿಗೆಗೆ ರಾತ್ರಿ ಹೊರಗೇ 5 ಡಿಗ್ರಿ ಇದ್ದರೆ, 8 ಕಿಲೋ ಐಸ್ ಮಾಲನ್ನು ಸೊನ್ನೆಯ ಕಡೆಗೆ ಎಳೆಯುತ್ತದೆ. ಅಂಥ ದಾರಿಗೆ ಸುಮಾರು 5 ಡಿಗ್ರಿಯಲ್ಲೇ ಕರಗಿ ಗಟ್ಟಿಯಾಗುವ ಪಿಸಿಎಂ (ಫೇಸ್ ಚೇಂಜ್ ಮೆಟೀರಿಯಲ್) ಪ್ಯಾಕ್ ಬಳಸುತ್ತೇವೆ. ಕಿಲೋ ಲೆಕ್ಕದಲ್ಲಿ ಅದು ಐಸ್‌ನಷ್ಟು ಶಾಖ ಹೀರುವುದಿಲ್ಲ, ಬೆಲೆಯೂ ಹೆಚ್ಚು, ಹಾಗಾಗಿ ಪ್ಯಾಕ್ ವಾಪಸ್ ಕಳಿಸುವ ಗಿರಾಕಿಗಳಿಗೆ ಮಾತ್ರ.

ಚೇಂಬರ್ ಮುಗಿದ ಮೇಲೆ ನಿಜವಾದ ದಾರಿಯಲ್ಲಿ ಲಾಗರ್ ಸಮೇತ ಕಳಿಸಿದೆವು. ಗ್ರಾಫ್ ಏರಿದ್ದು ಗಾಡಿ ಓಡುವಾಗಲ್ಲ, ನಿಂತಾಗ. ಇಳಿಸಿದ ಮಾಲು ತಗಡಿನ ಶೀಟಿನ ಗೋಡೌನ್‌ನಲ್ಲಿ ಕೂತ ಹೊತ್ತು ಪ್ರಯಾಣಕ್ಕಿಂತ ಜಾಸ್ತಿ ಇತ್ತು. ಶನಿವಾರ ತಲುಪಿದ ಪೆಟ್ಟಿಗೆಯನ್ನು ಸೋಮವಾರದವರೆಗೆ ಯಾರೂ ತೆರೆಯುವುದಿಲ್ಲ. ಹೀಗಾಗಿ ಪೆಟ್ಟಿಗೆ ಬದಲಿಸಲಿಲ್ಲ. ಶುಕ್ರವಾರದ ಲೋಡಿಂಗ್ ನಿಲ್ಲಿಸಿ, ಆ ಮಾಲನ್ನು ಗುರುವಾರವೇ ಕಳಿಸಲು ಶುರು ಮಾಡಿದೆವು. ಸೇಲ್ಸ್‌ನವರು ಒಂದಷ್ಟು ದಿನ ಗೊಣಗಿದರು.