ಹಿಂಜುವ ಬಿಲ್ಲು ಹೊತ್ತು ನಮ್ಮವರ ಮೂಲ ಹುಡುಕಿದ್ದು

ಹತ್ತಿ ಹಿಂಜುವ ಕಸುಬಿನ ಮುಸ್ಲಿಮರಾದ ನಮ್ಮವರ, ಶಹಾಪುರ ತಾಲ್ಲೂಕಿನ ಪಿಂಜಾರ ಮನೆತನಗಳ, ಚರಿತ್ರೆಯನ್ನು ಕಲೆಹಾಕಲು ನಾನು ಮೊದಲು ಹಿಡಿದದ್ದು ಎಲ್ಲರೂ ಹಿಡಿಯುವ ದಾರಿಯನ್ನೇ. 300 ಫಾರ್ಮುಗಳ ಮುದ್ರಣಕ್ಕೆ 900 ರೂಪಾಯಿ ಹೋಯಿತು. ತುಂಬಿ ಬಂದವು 40 ಇರಬಹುದು. ಅವುಗಳಲ್ಲಿಯೂ ‘ಮೂಲ’ ಎಂಬಲ್ಲಿ ಹೆಚ್ಚಿನವರು ಅರಬಸ್ತಾನ ಎಂದೇ ಬರೆಸಿದ್ದರು. ಮನೆಯಲ್ಲಿ ಕನ್ನಡವನ್ನೇ ಆಡುವ, ಹಿರಿಯರಿಗೆ ಹುಸೇನಪ್ಪ, ಮೌಲಪ್ಪ ಎಂದು ಹೆಸರಿದ್ದ ಮನೆಗಳ ಉತ್ತರ ಅದು. ತಪ್ಪು ಅವರದಲ್ಲ, ನನ್ನ ಪ್ರಶ್ನೆಯದು.

ಆಗ ಅಟ್ಟದ ಮೇಲಿದ್ದ ಮುತ್ಯಾನ ಹಿಂಜುವ ಬಿಲ್ಲನ್ನು ಇಳಿಸಿ ಹೊಸ ಹೆದೆ ಕಟ್ಟಿಸಿದೆ. ಬಲ್ಲವರು ಸಿಗದೆ ಅದು ಎರಡು ಸಲ ಹರಿದು, ಸುಮಾರು 1,800 ರೂಪಾಯಿ ಕೈಬಿಟ್ಟಿತು. ಬಿಲ್ಲನ್ನು ಬೈಕಿಗೆ ಕಟ್ಟಿಕೊಂಡು ಹೊರಟಾಗ ನಮ್ಮ ಅಣ್ಣನೇ “ಗಾದಿ ಹೊಲ್ಯಾಕ ಹೊಂಟಿದಿ ಏನೋ” ಎಂದು ನಕ್ಕಿದ್ದ. ಮೊದಲ ಮನೆಯಲ್ಲಿಯೇ 80 ದಾಟಿದ ಹಿರಿಯರೊಬ್ಬರು ಹೆದೆಯನ್ನು ಮಿಡಿದು, “ತಮ್ಮಾ, ಹೆದಿ ಸಡ್ಲ ಅದ, ಅರಳಿ ಹಿಂಜಂಗಿಲ್ಲ” ಎಂದವರು, ಯಾವ ಊರಿನ ಯಾವ ಗೌಡರ ಮನೆಗೆ ಗಾದಿ ತುಂಬಲು ಹೋಗುತ್ತಿದ್ದರು, ಕೂಲಿಗೆ ಎಷ್ಟು ಸೇರು ಜೋಳ ಬರುತ್ತಿತ್ತು, ಯಾವ ಬರದಲ್ಲಿ ಯಾರು ಊರು ಬಿಟ್ಟರು ಎಂಬುದನ್ನೆಲ್ಲ ಎರಡು ತಾಸು ಬಿಡದೆ ಹೇಳಿದರು. ಬಿಲ್ಲನ್ನು ಯಾವ ಗಳಿಗೆಯಲ್ಲಿ ಕೈಗೆ ಕೊಡಬೇಕು, ಮೊದಲು ಏನು ಕೇಳಬೇಕು ಎಂಬುದನ್ನು ಮಾತ್ರ ಇಲ್ಲಿ ಬರೆಯಲಾರೆ; ಅದನ್ನು ಕಲಿಯಲು ನನಗೆ ಒಂದು ವರ್ಷ ಹಿಡಿದಿದೆ.

ನಡುವೆ ಬೀಗತನಗಳ ನಕ್ಷೆಯನ್ನೂ ಬರೆದು ನೋಡಿದೆ. ಗೆರೆಗಳು ರಾಯಚೂರು ದಾಟಿ ತೆಲುಗು ಸೀಮೆಗೆ ಹೋದವು. ಅಲ್ಲಿ ನಮ್ಮವರು ದೂದೇಕುಲದವರು. ದೂದಿ ಎಂದರೆ ಹತ್ತಿ. ನಮ್ಮವರ ಇನ್ನೊಂದು ಹೆಸರಾದ ನದಾಫ್ ಎಂಬ ಅರಬ್ಬಿ ಮಾತಿಗೂ ಹತ್ತಿ ಹಿಂಜುವವನೆಂದೇ ಅರ್ಥ. ಅರಬಸ್ತಾನದಿಂದ ಬಂದದ್ದು ಈ ಹೆಸರಷ್ಟೇ, ಜನರು ಇಲ್ಲಿಯ ಕಸುಬಿನವರೇ ಎಂಬುದು ನನ್ನ ಅಭಿಪ್ರಾಯ.

ಕಾಗದದ ಲಾಭವೂ ಆಯಿತು. ಹಿಂದುಳಿದ ವರ್ಗಗಳ ಮೀಸಲಾತಿಯಲ್ಲಿ ಪಿಂಜಾರ, ನದಾಫ್ ಎಂದರೆ ಪ್ರವರ್ಗ 1. ಜಾತಿ ಪ್ರಮಾಣಪತ್ರಕ್ಕೆ ಹೋದಾಗ ಶಾಲೆಯ ದಾಖಲೆಯಲ್ಲಿ ಬರೀ ‘ಮುಸ್ಲಿಂ’ ಎಂದಿದ್ದರೆ ಮುಸ್ಲಿಮರ ಪ್ರವರ್ಗವಾದ 2ಬಿ ಎಂದು ಹೇಳಿ ಕಳುಹಿಸುತ್ತಿದ್ದರು. ಬಿಲ್ಲು ಕಂಡ ಮೇಲೆ ಹಿರಿಯರು ಟ್ರಂಕಿನಿಂದ ತೆಗೆದ, 1948ಕ್ಕೆ ಮುಂಚಿನ ನಿಜಾಮರ ಕಾಲದ ಉರ್ದು ಖರೀದಿ ಪತ್ರಗಳಲ್ಲಿ ಕಸುಬಿನ ಹೆಸರು ಸ್ಪಷ್ಟವಾಗಿತ್ತು. ಓದಿಸಲು ಪುಟಕ್ಕೆ 200 ರೂಪಾಯಿ ತೆತ್ತೆ. ಏಳೆಂಟು ಮನೆಗಳಿಗೆ ಅದು ಕೆಲಸಕ್ಕೆ ಬಂದಿತು.

ನಾನು ಹೊಕ್ಕ ಸುಮಾರು 60 ಮನೆಗಳಲ್ಲಿ ಗಾದಿ ಅಂಗಡಿ ಇರುವುದು ನಾಲ್ಕಕ್ಕೆ, ಅಲ್ಲಿಯೂ ಹಿಂಜುವುದು ಯಂತ್ರ, ಮಾರಾಟ ಹೆಚ್ಚು ಫೋಮಿನದು. ಉಳಿದ ಹುಡುಗರು ಹತ್ತಿಯ ಜಿನ್ನಿಂಗ್ ಮಿಲ್ಲಿನಲ್ಲಿ, ಲಾರಿಯ ಮೇಲೆ, ಬೆಂಗಳೂರಿನ ಕಟ್ಟಡ ಕೆಲಸದಲ್ಲಿ ಇದ್ದಾರೆ. ಅಣ್ಣ ಈಗ ತನ್ನ ಬೀಗರ ಊರಿಗೆ ಒಯ್ಯಲು ಬಿಲ್ಲು ಕೇಳುತ್ತಿದ್ದಾನೆ, ನಾನಿನ್ನೂ ಕೊಟ್ಟಿಲ್ಲ.