ಕಾಫಿ ತೋಟದಲ್ಲಿ ಫಾಕ್ಸ್ ಹುಡುಕುವ ರೇಡಿಯೊ: ನಾನು ಕಟ್ಟಿದ ಬಗೆ

ಫಾಕ್ಸ್ ಹಂಟಿಂಗ್ ಅಂದರೆ ಅಡಗಿಸಿಟ್ಟ ಸಣ್ಣ ರೇಡಿಯೊ ಟ್ರಾನ್ಸ್‌ಮಿಟರ್ ಅನ್ನು ಅದರ ಸಿಗ್ನಲ್ ಹಿಡಿದು ಹುಡುಕುವ ಆಟ. ಆ ಟ್ರಾನ್ಸ್‌ಮಿಟರೇ ಫಾಕ್ಸ್. ಈ ಆಟ ಅಂದ ಕೂಡಲೇ ಹೆಚ್ಚಿನ ಹ್ಯಾಮ್‌ಗಳಿಗೆ, ಅಂದರೆ ಹವ್ಯಾಸಿ ರೇಡಿಯೊದವರಿಗೆ, ನೆನಪಾಗುವುದು 145 ಮೆಗಾಹರ್ಟ್ಸ್ ಆಸುಪಾಸಿನ 2 ಮೀಟರ್ ಬ್ಯಾಂಡ್. ಹ್ಯಾಂಡಿ ಸೆಟ್ ಹೇಗೂ ಕೈಯಲ್ಲಿರುತ್ತದೆ. ಅಳತೆ ಟೇಪು ಕತ್ತರಿಸಿ, ಒಂದೇ ದಿಕ್ಕಿನ ಸಿಗ್ನಲ್ ಚೆನ್ನಾಗಿ ಹಿಡಿಯುವ ಯಾಗಿ ಆಂಟೆನಾ ಒಂದು ಮಾಡಿಕೊಂಡರೆ ಆಯಿತು. ಬಯಲುಸೀಮೆಯಲ್ಲಿ ಇದು ಚೆನ್ನಾಗಿಯೇ ನಡೆಯುತ್ತದೆ. ನಮ್ಮ ಸೋಮವಾರಪೇಟೆ ಕಡೆ ಹಾಗಲ್ಲ. 145 ಮೆಗಾಹರ್ಟ್ಸ್ ಅಲೆ ಎದುರಿನ ಗುಡ್ಡಕ್ಕೆ ಬಡಿದು ಬರುತ್ತದೆ, ಆಂಟೆನಾ ಗುಡ್ಡವನ್ನೇ ತೋರಿಸುತ್ತದೆ. ಮಳೆಯಲ್ಲಿ ನೆನೆದ ಎಲೆಗಳು ಸಿಗ್ನಲ್ ಅನ್ನು ಇನ್ನಷ್ಟು ತಗ್ಗಿಸುತ್ತವೆ.

ಅದಕ್ಕೇ ನಾನು 80 ಮೀಟರ್ ಆರಿಸಿಕೊಂಡೆ. 3.5 ಮೆಗಾಹರ್ಟ್ಸ್ ಅಲೆ ನೆಲ ಹಿಡಿದು ಬರುತ್ತದೆ. ಕಾಫಿ ಗಿಡ, ಸಿಲ್ವರ್ ಓಕ್, ಮೆಣಸಿನ ಬಳ್ಳಿ ಯಾವುದೂ ಅದಕ್ಕೆ ಅಷ್ಟಾಗಿ ಅಡ್ಡಿಯಾಗುವುದಿಲ್ಲ. ಕೊಡಗಿನಲ್ಲಿ ಮೊದಲ ಸೆಟ್ ಕಟ್ಟುವವರು ಯಾರೇ ಕೇಳಲಿ, 80 ಮೀಟರಿನದ್ದೇ ಕಟ್ಟಿ ಅನ್ನುತ್ತೇನೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಒಬ್ಬರು ಸಣ್ಣ ಟ್ರಾನ್ಸ್‌ಮಿಟರ್ ಅಡಗಿಸಿಡುತ್ತಾರೆ, ಉಳಿದವರು ರಿಸೀವರ್ ಹಿಡಿದು ಹುಡುಕುತ್ತಾರೆ. 1980ರಲ್ಲಿ ಪೋಲೆಂಡಿನಲ್ಲಿ ಇದರ ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆಯಿತು. ಪೂರ್ತಿ ಪಂದ್ಯದಲ್ಲಿ ಐದು ಫಾಕ್ಸ್ ಇರುತ್ತವೆ, ಸರದಿಯಂತೆ ಒಂದೊಂದು ನಿಮಿಷ ಕೂಗುತ್ತವೆ. ಚುಕ್ಕಿ, ಗೆರೆಗಳ ಮೋರ್ಸ್ ಸಂಕೇತ ಬಾರದಿದ್ದರೂ ತೊಂದರೆಯಿಲ್ಲ. ಎಂ, ಓ ಅಕ್ಷರಗಳ ಐದು ಗೆರೆ ಆದ ಮೇಲೆ ಬರುವ ಚುಕ್ಕಿ ಎಣಿಸಿದರೆ ಎಷ್ಟನೇ ಫಾಕ್ಸ್ ಅಂತ ತಿಳಿಯುತ್ತದೆ. ನಮ್ಮ ತೋಟದ ಆಟಕ್ಕೆ ಒಂದೇ ಸಾಕು. ಅದನ್ನು ಇಡುವುದು ಲೈಸೆನ್ಸ್ ಇರುವ ನನ್ನ ಗೆಳೆಯ. ಪವರ್ ಎಷ್ಟೇ ಕಡಿಮೆ ಇರಲಿ, ಲೈಸೆನ್ಸ್ ಇಲ್ಲದೆ ಈ ಬ್ಯಾಂಡಿನಲ್ಲಿ ಪ್ರಸಾರ ಮಾಡುವಂತಿಲ್ಲ.

ಈಗ ಸೆಟ್. ಹಳೇ ಟ್ರಾನ್ಸಿಸ್ಟರ್ ರೇಡಿಯೊದೊಳಗೆ ಆಂಟೆನಾ ಆಗಿರುವ ಕಪ್ಪು ಫೆರೈಟ್ ರಾಡ್ ತೆಗೆದು, ಅದರ ಮೀಡಿಯಂ ವೇವ್ ಕಾಯಿಲ್ ಬಿಚ್ಚಿದೆ. 100 ಪಿಕೊಫ್ಯಾರಡ್ ಕೆಪಾಸಿಟರ್ ಜೊತೆ 3.55 ಮೆಗಾಹರ್ಟ್ಸ್‌ಗೆ ಟ್ಯೂನ್ ಆಗಿ ಕೂರಬೇಕಾದರೆ 20 ಮೈಕ್ರೊಹೆನ್ರಿ ಕಾಯಿಲ್ ಬೇಕು. ನನ್ನ ರಾಡಿಗೆ ಇಪ್ಪತ್ತರ ಒಳಗೇ ಸುತ್ತು ಸಾಕಾಯಿತು. ರಾಡಿಂದ ರಾಡಿಗೆ ಇದು ಬದಲಾಗುತ್ತದೆ, ಟ್ರಿಮ್ಮರ್ (ತಿರುಗಿಸಿ ಹೊಂದಿಸುವ ಸಣ್ಣ ಕೆಪಾಸಿಟರ್) ಹಾಕಿ ಸರಿ ಮಾಡಿಕೊಳ್ಳಿ. ಅದರ ಪಕ್ಕ ಮೂರ್ನಾಲ್ಕು ಸುತ್ತಿನ ಇನ್ನೊಂದು ಕಾಯಿಲ್. ಅಲ್ಲಿಂದ ಸಿಗ್ನಲ್ ಏರಿಸಿ ಇಳಿಸುವ 1 ಕಿಲೊಓಮ್ ಪಾಟ್ ದಾಟಿ, ಎರಡು ಸಿಗ್ನಲ್ ಬೆರೆಸುವ ಎಸ್‌ಎ612 ಐಸಿಗೆ ಹೋಗುತ್ತದೆ. ಇದು ಡೈರೆಕ್ಟ್ ಕನ್ವರ್ಶನ್, ಅಂದರೆ ರೇಡಿಯೊ ಸಿಗ್ನಲ್ ಒಂದೇ ಹೆಜ್ಜೆಯಲ್ಲಿ ಕೇಳುವ ಸದ್ದಾಗುತ್ತದೆ. ಬೆರೆಸುವ ಇನ್ನೊಂದು ಸಿಗ್ನಲ್ ಹುಟ್ಟಿಸುವ, ಅದೇ ಐಸಿಯ ಆಸಿಲೇಟರಿಗೆ 3.58 ಮೆಗಾಹರ್ಟ್ಸ್ ಸೆರಾಮಿಕ್ ರೆಸೊನೇಟರ್, ಟ್ಯೂನ್ ಮಾಡಲು ಆ ಹಳೇ ರೇಡಿಯೊದ ಸ್ಟೇಷನ್ ತಿರುಗಿಸುವ ಗ್ಯಾಂಗ್ ಕಂಡೆನ್ಸರ್. ಫಾಕ್ಸಿನಲ್ಲಿರುವುದು 3.579 ಮೆಗಾಹರ್ಟ್ಸ್ ಕ್ರಿಸ್ಟಲ್. ಬೆಂಗಳೂರಿನ ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಇಂಥ ಬಿಡಿಭಾಗ ಸಿಗುತ್ತವೆ. ಕೊನೆಗೆ ಎಲ್‌ಎಂ386 ಆಂಪ್ಲಿಫೈಯರ್, ಇಯರ್‌ಫೋನ್. ಬ್ಯಾಟರಿ 9 ವೋಲ್ಟಿನದು. ಎಸ್‌ಎ612 ಅಷ್ಟು ತಡೆಯುವುದಿಲ್ಲ, ಅದಕ್ಕೆ 5 ವೋಲ್ಟ್ ರೆಗ್ಯುಲೇಟರ್ ಬೇಕೇ ಬೇಕು.

ಸದ್ದನ್ನು ತಾನಾಗಿಯೇ ಒಂದೇ ಮಟ್ಟದಲ್ಲಿ ಇಡುವ ಎಜಿಸಿ ಸರ್ಕ್ಯೂಟ್ ಮಾತ್ರ ಹಾಕಬೇಡಿ. ಸದ್ದು ಏರಿದ್ದು, ಇಳಿದದ್ದು ನಮ್ಮ ಕಿವಿಗೆ ಗೊತ್ತಾಗಬೇಕು. ಎಜಿಸಿ ಅದನ್ನೇ ಮುಚ್ಚಿಬಿಡುತ್ತದೆ.

ಸರ್ಕ್ಯೂಟ್ ಒಂದು ಸಂಜೆಯ ಕೆಲಸ. ನಿಜವಾದ ಶ್ರಮ ಇರುವುದು ಡಬ್ಬಿಯಲ್ಲಿ. ಫಾಕ್ಸ್ ಹತ್ತಿರವಾದಂತೆ ಸಿಗ್ನಲ್ ಎಷ್ಟು ಜೋರಾಗುತ್ತದೆ ಅಂದರೆ, ರಾಡ್ ಬಿಟ್ಟು ಬೋರ್ಡಿನ ತಂತಿಗಳಿಂದಲೇ ನೇರವಾಗಿ ಒಳಗೆ ನುಗ್ಗುತ್ತದೆ. ಆಮೇಲೆ ರಾಡ್ ಯಾವ ಕಡೆ ತಿರುಗಿಸಿದರೂ ಸದ್ದು ಒಂದೇ. ಹಾಗಾಗಿ ಬೋರ್ಡನ್ನು ತಗಡಿನ ಡಬ್ಬಿಯಲ್ಲಿಟ್ಟೆ. ಅಲ್ಯೂಮಿನಿಯಂ ಬೇಡ, ಅದಕ್ಕೆ ಬೆಸುಗೆ ಹಿಡಿಯುವುದಿಲ್ಲ. ರಾಡನ್ನು ಪ್ಲಾಸ್ಟಿಕ್ ಪೈಪಿನೊಳಗೆ ಕೂರಿಸಿ, ಪೈಪಿನ ಮೇಲೆ ತಾಮ್ರದ ಟೇಪು ಸುತ್ತಿ ಡಬ್ಬಿಗೆ ಜೋಡಿಸಿದೆ. ಟೇಪಿನ ಎರಡು ಅಂಚು ಒಂದಕ್ಕೊಂದು ತಾಗಬಾರದು. ಪೈಪಿನ ಉದ್ದಕ್ಕೂ ಸಣ್ಣ ಸಂದು ಬಿಡಬೇಕು. ತಾಗಿದರೆ ಅದೇ ಒಂದು ಶಾರ್ಟ್ ಆದ ಸುತ್ತಾಗಿ ಸಿಗ್ನಲ್ ಅಲ್ಲೇ ಸಾಯುತ್ತದೆ. ಈ ಕವಚ ಸರಿಯಾಗಿ ಕೂತರೆ ಹುಡುಕುವ ಕೆಲಸ ಅರ್ಧ ಮುಗಿದಂತೆ.

ಹುಡುಕುವಾಗ ಜೋರಾದ ಸದ್ದಿನ ಹಿಂದೆ ಹೋಗಬಾರದು, ಸದ್ದು ಅಡಗುವ ದಿಕ್ಕು ಹಿಡಿಯಬೇಕು. ರಾಡ್ ಫಾಕ್ಸಿನ ದಿಕ್ಕಿಗೆ ಅಡ್ಡವಾಗಿದ್ದಾಗ ಸದ್ದು ಜಾಸ್ತಿ. ಆದರೆ ಆಗ ಸ್ವಲ್ಪ ಆಚೀಚೆ ತಿರುಗಿಸಿದರೂ ವ್ಯತ್ಯಾಸ ತಿಳಿಯುವುದಿಲ್ಲ. ರಾಡಿನ ತುದಿ ಫಾಕ್ಸಿಗೆ ನೇರವಾದಾಗ ಸದ್ದು ಥಟ್ಟನೆ ಅಡಗುತ್ತದೆ. ಪಾಟ್ ತಿರುಗಿಸಿ, ಸದ್ದು ಕಷ್ಟಪಟ್ಟು ಕೇಳುವಷ್ಟಕ್ಕೆ ಇಳಿಸಿಕೊಳ್ಳಿ, ಆಗ ಇನ್ನೂ ಸ್ಪಷ್ಟವಾಗುತ್ತದೆ. ಪಕ್ಕದ ಮನೆಯ ಹುಡುಗನ ಕೈಗೆ ಸೆಟ್ ಕೊಟ್ಟಾಗ, ಒಂದು ಸುತ್ತು ತಿರುಗುವುದರೊಳಗೆ "ಅಣ್ಣಾ, ಇಲ್ಲಿ ಸದ್ದೇ ಇಲ್ಲ" ಅಂದ. ದಿಕ್ಕು ಸರಿಯಾಗಿತ್ತು!

ರಾಡಿಗೆ ಎರಡು ತುದಿ. ಫಾಕ್ಸ್ ಮುಂದಿದೆಯೋ ಹಿಂದಿದೆಯೋ? ಅದಕ್ಕೆ ಒಂದೂವರೆ ಅಡಿಯ ನೆಟ್ಟನೆ ಲೋಹದ ಕಡ್ಡಿಯೊಂದನ್ನು ರೆಸಿಸ್ಟರ್ ಮತ್ತು ಒತ್ತುವ ಸ್ವಿಚ್ ಮೂಲಕ ಸೇರಿಸಿದೆ. ಸ್ವಿಚ್ ಒತ್ತಿ ರಾಡ್ ಅಡ್ಡ ಹಿಡಿದು ಎರಡೂ ಬದಿ ಹೋಲಿಸಿದರೆ ಒಂದು ಕಡೆ ಸದ್ದು ಜಾಸ್ತಿ. ಯಾವ ಬದಿ ಅಂತ ಮೊದಲೇ ಗೊತ್ತಿರುವ ಫಾಕ್ಸ್ ಇಟ್ಟು ಗುರುತು ಹಾಕಿಕೊಳ್ಳಬೇಕು. ಫಾಕ್ಸಿನ ತಂತಿಯೂ ನೆಟ್ಟಗಿರಬೇಕು. ಸಿಲ್ವರ್ ಓಕ್ ಕೊಂಬೆಯಿಂದ ಇಳಿಬಿಟ್ಟರೆ ಅದಕ್ಕಿಂತ ಒಳ್ಳೆಯ ಕಂಬ ಇಲ್ಲ.

ಇನ್ನು ನಮ್ಮ ಊರಿನದ್ದೇ ಒಂದು ಸಮಸ್ಯೆ: ಆನೆಗೆ ಹಾಕಿದ ಸೋಲಾರ್ ಬೇಲಿ. ಹೆಚ್ಚುಕಡಿಮೆ ಸೆಕೆಂಡಿಗೊಮ್ಮೆ ಇಯರ್‌ಫೋನಿನಲ್ಲಿ ಟಿಕ್ ಅನ್ನುತ್ತದೆ. ಅದು ಕಿವಿಗೆ ಅಭ್ಯಾಸವಾಗುತ್ತದೆ ಬಿಡಿ. ಬೇಲಿಯ ಉದ್ದ ತಂತಿ ಫಾಕ್ಸಿನ ಸಿಗ್ನಲ್ ಹಿಡಿದು ಮತ್ತೆ ಬಿಡುವುದು ಅದಕ್ಕಿಂತ ದೊಡ್ಡ ತೊಂದರೆ. ಬೇಲಿ ಪಕ್ಕ ನಿಂತರೆ ದಿಕ್ಕು ತಂತಿಯ ಕಡೆಗೇ ವಾಲುತ್ತದೆ. ಕರೆಂಟ್ ಲೈನಿನ ಕೆಳಗೂ ಇದೇ ಕಥೆ. ಫೆಬ್ರವರಿ, ಮಾರ್ಚಿನಲ್ಲಿ ಹೂವಿಗೆ ನೀರು ಹಾಯಿಸಲು ಅಲ್ಯೂಮಿನಿಯಂ ಪೈಪ್ ಎಳೆದಿದ್ದರೆ ಅದರ ಹತ್ತಿರವೂ ಅಷ್ಟೇ. ಸಾಕಷ್ಟು ದೂರ ಬಂದು ಅಳೆಯಿರಿ. ಅರ್ಧ ಕಿಲೋಮೀಟರ್ ದೂರದ ಫಾಕ್ಸಿಗೆ 5 ಡಿಗ್ರಿ ತಪ್ಪಿದರೂ 40 ಮೀಟರಿಗಿಂತ ಜಾಸ್ತಿ ಆಚೆ ಹೋಗುತ್ತೀರಿ. ಕಾಫಿ ಗಿಡಗಳ ಮಧ್ಯೆ ಅದು ಸಣ್ಣ ದೂರವಲ್ಲ. ಮೂರು ಜಾಗದಿಂದ ಅಳೆದು, ತೋಟದ ನಕ್ಷೆಯ ಮೇಲೆ ಗೆರೆ ಎಳೆದು ಹೊರಟರೆ ಒಳ್ಳೆಯದು. ಹಗಲೇ ಆಡಿ. ರಾತ್ರಿ ಹೊತ್ತು ದೂರದ ಸ್ಟೇಷನ್‌ಗಳೆಲ್ಲ ಬ್ಯಾಂಡಿಗೆ ಬಂದು ತುಂಬಿಕೊಳ್ಳುತ್ತವೆ.

ಆನೆಯ ಸುದ್ದಿ ಕೇಳದೆ ನಾವು ತೋಟಕ್ಕೆ ಇಳಿಯುವುದಿಲ್ಲ. ಬೆಳಿಗ್ಗೆ ಲೈನ್ ಮನೆಯವರನ್ನು, ಅಂದರೆ ತೋಟದ ಕಾರ್ಮಿಕರನ್ನು, ಕೇಳಿದರೆ ಎಲ್ಲಿ ದಾಟಿವೆ ಅಂತ ಹೇಳುತ್ತಾರೆ. ಇಬ್ಬಿಬ್ಬರಾಗಿ ಹೋಗುತ್ತೇವೆ. ಒಬ್ಬರು ಸೆಟ್ ಹಿಡಿಯುತ್ತಾರೆ, ಅವರಿಗೂ ಒಂದೇ ಕಿವಿಗೆ ಇಯರ್‌ಫೋನ್. ಇನ್ನೊಬ್ಬರ ಕೈಯಲ್ಲಿ ನಕ್ಷೆ, ಕಾಂಪಸ್. ಅವರ ಎರಡೂ ಕಿವಿ ಖಾಲಿ ಇರಬೇಕು.