ಘಟ್ಟದ ಮೇಲಿನ ಹುಲ್ಲು, ಘಟ್ಟದ ಕೆಳಗಿನ ಹುಲ್ಲು: ಸುಗಂಧ ತೈಲವನ್ನು ಹೋಲಿಸುವ ಬಗೆ

ಎತ್ತರದಲ್ಲಿ ಬೆಳೆದ ಮಜ್ಜಿಗೆ ಹುಲ್ಲಿಗೆ (ಲೆಮನ್‌ಗ್ರಾಸ್) ಪರಿಮಳ ಹೆಚ್ಚು ಎಂಬ ಮಾತನ್ನು ಪರೀಕ್ಷಿಸಲು ಹೊರಟವರು ಸಿಕ್ಕ ತಳಿಯ, ಸಿಕ್ಕಷ್ಟು ಬಲಿತ ಎಲೆಗಳನ್ನು ತಂದು ಭಟ್ಟಿ ಇಳಿಸಿ, ಕಂಡ ವ್ಯತ್ಯಾಸವನ್ನೆಲ್ಲ ಎತ್ತರದ ಲೆಕ್ಕಕ್ಕೆ ಬರೆದುಬಿಡುವುದನ್ನು ನಾನು ಹಲವು ಬಾರಿ ನೋಡಿದ್ದೇನೆ. ಎತ್ತರದ ಪ್ರಭಾವ ಸುಳ್ಳಲ್ಲ. ಪ್ರತಿ 1,000 ಮೀಟರಿಗೆ ಉಷ್ಣಾಂಶ ಸುಮಾರು 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ, ಅತಿನೇರಳೆ ಕಿರಣಗಳ ತೀವ್ರತೆ ಏರುತ್ತದೆ. ಆದರೆ ಎಲ್ಲ ಗಿಡಗಳೂ ಇದಕ್ಕೆ ಒಂದೇ ರೀತಿ ಸ್ಪಂದಿಸುವುದಿಲ್ಲ. ಫ್ರಾನ್ಸಿನ ಪ್ರೊವಾನ್ಸ್ ಪ್ರಾಂತ್ಯದ ಅಸಲಿ ಲ್ಯಾವೆಂಡರ್ ಎತ್ತರದ ಬೆಟ್ಟಗಳ ಬೆಳೆ. ಗ್ರೀಸಿನ ಒರೆಗಾನೊದಲ್ಲಿ ತಗ್ಗಿನ ಗಿಡಗಳಲ್ಲೇ ತೈಲ ಹೆಚ್ಚು. ನಮ್ಮ ಹುಲ್ಲಿನ ಗುಣವನ್ನು ನಾವೇ ಅಳೆಯಬೇಕು.

ಬೀಜದ ಸಸಿ ಬೇಡವೇ ಬೇಡ. ಒಂದೇ ಪೊದೆಯಿಂದ ಬೇರುಸಹಿತ ಬಿಡಿಸಿದ ತೆಂಡೆಗಳನ್ನು, ಒಂದೇ ರಾಶಿಯಿಂದ ತುಂಬಿದ ಮಣ್ಣಿನ ಗ್ರೋ ಬ್ಯಾಗುಗಳಲ್ಲಿ ನೆಡಿ. ಮಂಗಳೂರಿನ ಹುಲ್ಲನ್ನು ಬೆಂಗಳೂರಿನದರ ಜೊತೆ ಹೋಲಿಸಿದರೆ ಎತ್ತರದೊಂದಿಗೆ ಮಳೆಯೂ ಬದಲಾಗಿರುತ್ತದೆ. ಆದ್ದರಿಂದ ಚಾರ್ಮಾಡಿಯಂಥ ಒಂದೇ ಘಾಟಿಯ ಬುಡದಲ್ಲಿ, ನಡುವೆ ಮತ್ತು ಮೇಲೆ ಕೊಟ್ಟಿಗೆಹಾರದ ಕಡೆಗೆ ಚೀಲಗಳನ್ನಿಡುವುದು ಲೇಸು.

ಹೆಚ್ಚಿನವರು ಎಡವುವುದು ಕೊಯ್ಲಿನಲ್ಲಿ. ಮೂರೂ ಕಡೆ ಒಂದೇ ದಿನ ಕೊಯ್ದರೆ ನ್ಯಾಯವಾಯಿತೆಂದು ಅವರು ಭಾವಿಸುತ್ತಾರೆ. ತಂಪಿನಲ್ಲಿ ಹುಲ್ಲು ನಿಧಾನವಾಗಿ ಬೆಳೆಯುವುದರಿಂದ, ಅದೇ ದಿನದಂದು ಮೇಲಿನ ಎಲೆ ಇನ್ನೂ ಎಳೆಯದಾಗಿರುತ್ತದೆ, ಕೆಳಗಿನದು ಬಲಿತಿರುತ್ತದೆ. ಮಜ್ಜಿಗೆ ಹುಲ್ಲಿನ ಎಳೆಯ ಎಲೆಯಲ್ಲಿ ತೈಲದ ಪ್ರಮಾಣ ಹೆಚ್ಚು. ಎತ್ತರದ ಕೀರ್ತಿಗೆ ಎಷ್ಟೋ ಸಲ ಇದೇ ಕಾರಣ. ದಿನಗಳನ್ನು ಬಿಟ್ಟು ಎಲೆಗಳನ್ನು ಎಣಿಸಿ. ಒಮ್ಮೆ ಎಲ್ಲ ಪೊದೆಗಳನ್ನೂ ನೆಲದಿಂದ 15 ಸೆಂಟಿಮೀಟರ್ ಬಿಟ್ಟು ಕತ್ತರಿಸಿ, ಮರುಚಿಗುರಿನಲ್ಲಿ ಪ್ರತಿ ತೆಂಡೆಗೂ ಐದು ಎಲೆ ಪೂರ್ತಿ ಬಿಚ್ಚಿದ ಮೇಲೆ ಆಯಾ ಜಾಗದಲ್ಲಿ ಕೊಯ್ಯಿರಿ. ತುದಿ ಕಂದಿದ ಎಲೆಗಳನ್ನು ಆಯ್ದು ಬಿಸಾಡಿ. ಇಬ್ಬನಿ ಆರಿದ ಬಳಿಕ, ಬೆಳಗಿನ ಒಂಬತ್ತರಿಂದ ಹನ್ನೊಂದರೊಳಗೆ ಕೆಲಸ ಮುಗಿಸಿ. ಮಳೆ ಬಂದ ಮರುದಿನ ಕತ್ತಿ ಮುಟ್ಟಬೇಡಿ.

ತೂಕದಲ್ಲೂ ಅಷ್ಟೇ ಎಚ್ಚರ ಬೇಕು. ಪ್ರತಿ ಕೊಯ್ಲಿನಿಂದ 100 ಗ್ರಾಂ ಎಲೆಯನ್ನು ಬೇರೆಯಾಗಿ ತೆಗೆದು, ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ. ಮೇಲಿನ 100 ಗ್ರಾಂ ಒಣಗಿ 25 ಗ್ರಾಂ, ಕೆಳಗಿನದು 32 ಗ್ರಾಂ ಆಯಿತೆನ್ನಿ. ತಲಾ ಒಂದು ಕಿಲೋ ಹಸಿ ಎಲೆಯಿಂದ 3 ಮಿಲಿಲೀಟರ್ ತೈಲ ಬಂದರೆ ಎರಡೂ ಸಮವೆಂದು ತೋರುತ್ತದೆ. 100 ಗ್ರಾಂ ಒಣ ಎಲೆಗೆ ಲೆಕ್ಕ ಹಾಕಿದರೆ ಮೇಲಿನದು 1.2, ಕೆಳಗಿನದು 0.94 ಮಿಲಿಲೀಟರ್. ಬರಿಯ ನೀರಿನಂಶದಿಂದಲೇ ಇಷ್ಟು ಅಂತರ ಮರೆಯಾಗುತ್ತದೆ.

ಎಲ್ಲ ಎಲೆಗಳನ್ನೂ ಒಂದೇ ಊರಿನಲ್ಲಿ, ಒಂದೇ ಕ್ಲೆವೆಂಜರ್ ಉಪಕರಣದಲ್ಲಿ (ಎಲೆಯನ್ನು ನೀರಿನಲ್ಲಿ ಕುದಿಸಿ ತೈಲವನ್ನು ಬೇರ್ಪಡಿಸಿ ಅಳೆಯುವ ಗಾಜಿನ ಸಾಧನ) ಮೂರು ಗಂಟೆ ಭಟ್ಟಿ ಇಳಿಸಿ. ಸುಮಾರು 300 ಮೀಟರ್ ಏರಿದರೆ ನೀರಿನ ಕುದಿಬಿಂದು ಒಂದು ಡಿಗ್ರಿಯಷ್ಟು ತಗ್ಗುವುದರಿಂದ ಎರಡು ಊರಿನ ಭಟ್ಟಿಗಳನ್ನು ಹೋಲಿಸಲಾಗದು. ಪ್ರೆಷರ್ ಕುಕ್ಕರಿಗೆ ಪ್ಲಾಸ್ಟಿಕ್ ಕೊಳವೆ ಸಿಕ್ಕಿಸುವ ಸುಲಭೋಪಾಯವನ್ನು ನಾನು ಒಪ್ಪುವುದಿಲ್ಲ. ತೈಲವು ರಬ್ಬರು, ಪ್ಲಾಸ್ಟಿಕ್ಕುಗಳ ವಾಸನೆಯನ್ನು ಹೀರಿಕೊಳ್ಳುತ್ತದೆ. ಅಂಗಡಿಯ ಅಗ್ಗದ ತೈಲವನ್ನು ಮಾದರಿಯಾಗಿಯೂ ಇಟ್ಟುಕೊಳ್ಳಬೇಡಿ. ಅದರ ಒಂದು ಹನಿಯನ್ನು ಬಿಳಿ ಕಾಗದಕ್ಕೆ ಬಿಟ್ಟು ಮರುದಿನ ನೋಡಿ: ಜಿಡ್ಡಿನ ಕಲೆ ಢಾಳಾಗಿ ಉಳಿದಿದ್ದರೆ ಬೇರೆ ಎಣ್ಣೆ ಬೆರೆತಿರುವ ಸಾಧ್ಯತೆ ಹೆಚ್ಚು.

ಬಂದ ತೈಲವನ್ನು ಕಂದು ಬಣ್ಣದ ಗಾಜಿನ ಶೀಶೆಯಲ್ಲಿ ಕಂಠದವರೆಗೆ ತುಂಬಿ ಫ್ರಿಜ್ಜಿನಲ್ಲಿಡಿ. ಪ್ರಮಾಣ ತಿಳಿದರೆ ಗುಣ ತಿಳಿದಂತಲ್ಲವಾದ್ದರಿಂದ ಗ್ಯಾಸ್ ಕ್ರೊಮ್ಯಾಟೊಗ್ರಫಿ (ತೈಲದ ಘಟಕಗಳನ್ನು ಬೇರ್ಪಡಿಸಿ ಅಳೆಯುವ ಪರೀಕ್ಷೆ) ಮಾಡಿಸಿ, ಈ ಹುಲ್ಲಿಗೆ ನಿಂಬೆಯ ಪರಿಮಳ ಕೊಡುವ ಸಿಟ್ರಾಲಿನ ಎರಡು ರೂಪಗಳಾದ ಜೆರಾನಿಯಲ್ (geranial) ಮತ್ತು ನೆರಾಲ್‌ಗಳ ಪಾಲನ್ನು ಕೂಡಿಸಿ ನೋಡಿ. ಪ್ರತಿ ಎತ್ತರದಲ್ಲೂ ಕನಿಷ್ಠ ಐದು ಚೀಲಗಳನ್ನು ಬೇರೆ ಬೇರೆಯಾಗಿ ಭಟ್ಟಿ ಇಳಿಸಿ, ಮಳೆಗಾಲದ ಕೊಯ್ಲೊಂದು, ಬೇಸಿಗೆಯ ಕೊಯ್ಲೊಂದು ಕೈಗೆ ಬಂದ ಮೇಲೆಯೇ ಫಲಿತಾಂಶ ಬರೆಯಿರಿ.